ಸೋಂಕು ರೋಗ ತಜ್ಞೆಯಾಗಿ ಕಲಬುರಗಿಯಲ್ಲೇ ನೆಲೆ ನಿಲ್ಲಬಹುದೇ?

ಭೀಮಾತೀರ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ಎಂ.ಡಿ. ಮೂರನೇ ವರ್ಷದಲ್ಲಿದ್ದೇನೆ. ಊರು ಶಹಾಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಒಂದು ಹಳ್ಳಿ. ನಮ್ಮ ಮನೆತನದಲ್ಲಿ ಡಾಕ್ಟರ್ ಆದವಳು ನಾನೇ ಮೊದಲು, ಆದ್ದರಿಂದ ಮುಂದೆ ಏನು ಓದಬೇಕೆಂಬ ಮಾತು ಬಂದಾಗ ಮನೆಯವರಷ್ಟೇ ಅಲ್ಲ, ಊರಿನ ಹಿರಿಯರೂ ಸಲಹೆ ಕೊಡುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು: ಹೃದಯದ ಡಾಕ್ಟರ್ ಆಗು. ನನಗೆ ಸೋಂಕು ರೋಗಗಳ ವಿಭಾಗದಲ್ಲಿ ಡಿ.ಎಂ. (ಎಂ.ಡಿ. ನಂತರದ ಉನ್ನತ ತಜ್ಞ ಪದವಿ) ಮಾಡುವ ಆಸೆಯಿದೆ. ಇದನ್ನು ಹೇಳಿದಾಗ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, 'ಆ ವಿಭಾಗಕ್ಕೆ ಅಂತ ಬೇರೆ ರೋಗಿಗಳು ಎಲ್ಲಿದ್ದಾರೆ? ಜ್ವರ ಬಂದವರನ್ನು ಎಲ್ಲರೂ ನೋಡುತ್ತಾರಲ್ಲ' ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಆಸೆ ಹುಟ್ಟಿದ್ದು ಒಬ್ಬ ರೋಗಿಯಿಂದ. ಸುರಪುರದ ಕಡೆಯ ಮೂವತ್ತರ ಆಸುಪಾಸಿನ ವ್ಯಕ್ತಿ, ಹನ್ನೊಂದು ದಿನದ ಜ್ವರ, ವಿಪರೀತ ತಲೆನೋವು, ಸಣ್ಣಗೆ ಏದುಸಿರು. ನಮ್ಮಲ್ಲಿಗೆ ಬರುವ ಮೊದಲೇ ಮೂರು ಕಡೆ ತೋರಿಸಿ, ನಾಲ್ಕು ಬಗೆಯ ಆಂಟಿಬಯೋಟಿಕ್ ತೆಗೆದುಕೊಂಡಿದ್ದರು. ರಾತ್ರಿ ಪಾಳಿಯಲ್ಲಿ ಅವರನ್ನು ಮೊದಲಿನಿಂದ ಪರೀಕ್ಷಿಸುವಾಗ ಉಡದಾರವನ್ನು ಸ್ವಲ್ಪ ಸರಿಸಿದೆ. ಅದರ ಕೆಳಗೆ, ಸೊಂಟದ ಬಲಭಾಗದಲ್ಲಿ, ಬೀಡಿಯ ತುದಿಯಿಂದ ಸುಟ್ಟಂತೆ ಕಾಣುವ ಕಪ್ಪು ಹೆಕ್ಕಳೆಯೊಂದಿತ್ತು, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯಿಲ್ಲ, ಹಾಗಾಗಿ ಅದು ಇರುವುದು ಅವರಿಗೇ ಗೊತ್ತಿರಲಿಲ್ಲ. ಹದಿನೈದು-ಇಪ್ಪತ್ತು ದಿನಗಳ ಹಿಂದೆ ಹೊಲದ ಬದುವಿನ ಹುಲ್ಲು ಕೊಯ್ದದ್ದುಂಟೇ ಎಂದು ಕೇಳಿದೆ. 'ಹೌದ್ರಿ ಬಾಯೀ, ಎಮ್ಮಿಗಿ ಮೇವು ತಂದೀನಿ' ಎಂದರು. ಸ್ಕ್ರಬ್ ಟೈಫಸ್, ಹುಲ್ಲು ಪೊದೆಗಳಲ್ಲಿರುವ ಸಣ್ಣ ನುಸಿ ಕಚ್ಚಿ ಬರುವ ಜ್ವರ. ಡಾಕ್ಸಿಸೈಕ್ಲಿನ್ ಗುಳಿಗೆ, ದಿನಕ್ಕೆ ಎರಡು. ಎರಡನೇ ದಿನ ಸಂಜೆಗೆ ಜ್ವರ ಇಳಿಯಿತು. ಅಲ್ಲಿಯವರೆಗೆ ಅವರು ತೆಗೆದುಕೊಂಡಿದ್ದ ಸೂಜಿ ಮದ್ದುಗಳೆಲ್ಲ ಈ ಗುಳಿಗೆಗಿಂತ ಎಷ್ಟೋ ಪಟ್ಟು ದುಬಾರಿ, ಆದರೆ ಆ ರೋಗಾಣುವಿನ ಮೇಲೆ ಅವು ಕೆಲಸವನ್ನೇ ಮಾಡುವುದಿಲ್ಲ.

ಈ ಕೆಲಸವನ್ನೇ ಜೀವನಪೂರ್ತಿ ಮಾಡಬಹುದೇ, ಅದೂ ಬೆಂಗಳೂರು ಹೈದರಾಬಾದುಗಳಿಗೆ ಹೋಗದೆ ನಮ್ಮ ಭಾಗದಲ್ಲೇ ಇದ್ದು ಮಾಡಬಹುದೇ ಎಂಬುದು ನನ್ನ ಪ್ರಶ್ನೆ. ಬಲ್ಲವರು ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ಕೋರುತ್ತೇನೆ.

ತೊಗರಿನಾಡು

ಡಾಕ್ಟರ್ ತಂಗಿ, ನಿಮ್ಮ ಬರಹ ಓದಿ ಸಂತೋಷವಾಯಿತು. ನಾನು ಸೇಡಂನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸಣ್ಣ ದವಾಖಾನೆ ನಡೆಸಿಕೊಂಡು ಬಂದಿದ್ದೇನೆ, ಆದ್ದರಿಂದ ಈ ಬದಿಯ ಮಾತನ್ನೂ ಕೇಳಿ. ನಿಮ್ಮ ರೋಗಿಗೆ ನಾಲ್ಕು ಆಂಟಿಬಯೋಟಿಕ್ ಕೊಟ್ಟವರಲ್ಲಿ ನನ್ನಂಥವನೊಬ್ಬ ಖಂಡಿತ ಇದ್ದಿರುತ್ತಾನೆ. ಅವನ ಎದುರು ಇದ್ದದ್ದೇನು ಎಂಬುದನ್ನೂ ನೋಡಬೇಕು.

ರೋಗಿ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಊರು ಸೇರಬೇಕು. ಒಂದು ದಿನದ ಕೂಲಿ ಹೋಗಿದೆ, ಜೊತೆಗೆ ಬಂದವರದ್ದೂ ಹೋಗಿದೆ. ರಕ್ತದ ಕಲ್ಚರ್ (ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸೋಣ, ವರದಿ ಬರಲು ಎರಡು ಮೂರು ದಿನ ಬೇಕು ಎಂದರೆ ಅವರು ಎದ್ದು ಪಕ್ಕದ ದವಾಖಾನೆಗೆ ಹೋಗುತ್ತಾರೆ. ಟೈಫಾಯ್ಡ್ ಪತ್ತೆಗೆ ಮಾಡುವ ವಿಡಾಲ್ ಪರೀಕ್ಷೆಯಾದರೆ ಅರ್ಧ ಗಂಟೆಯಲ್ಲಿ ಕೈಗೆ ಚೀಟಿ ಬರುತ್ತದೆ. ಅದು ದುರ್ಬಲ ಪರೀಕ್ಷೆ ಎಂಬುದು ನನಗೂ ಗೊತ್ತು. ಆದರೂ ಜ್ವರ ಯಾವುದೆಂದು ತಿಳಿಯದ ದಿನ ನನ್ನ ಕೈಗೆ ಸಿಗುವುದು ಅದೊಂದೇ. ಸಲಾಯಿನ್ ಹಚ್ಚದ ಡಾಕ್ಟರನನ್ನು ನಮ್ಮ ಜನ ಡಾಕ್ಟರನೆಂದು ಒಪ್ಪುವುದೂ ಕಷ್ಟ.

ಇನ್ನು ನಿಮ್ಮ ವಿಭಾಗದ ಮಾತು. ಹೃದಯದವರು ಸ್ಟೆಂಟ್ ಹಾಕುತ್ತಾರೆ, ಹೊಟ್ಟೆಯವರು ಎಂಡೋಸ್ಕೋಪಿ ಮಾಡುತ್ತಾರೆ, ಅದಕ್ಕೆ ದರವಿದೆ. ಬಂದು, ಕೇಸ್ ಶೀಟ್ ಓದಿ, 'ಈ ಎರಡು ಔಷಧ ನಿಲ್ಲಿಸಿ' ಎಂದು ಬರೆದು ಹೋಗುವ ತಜ್ಞರಿಗೆ ಯಾರು ಎಷ್ಟು ಕೊಡುತ್ತಾರೆ? ನಿಮ್ಮನ್ನು ಹಿಂದೆ ಸರಿಸಬೇಕೆಂದು ಕೇಳುತ್ತಿಲ್ಲ. ಮನೆಯ ಜವಾಬ್ದಾರಿ ಹೊತ್ತ ಮಗಳು ಇದನ್ನು ಮೊದಲೇ ತಿಳಿದಿರಬೇಕು.

ಹಳೆ ಜೇವರ್ಗಿ ರಸ್ತೆ

ನಾನು ಇದೇ ಕೆಲಸ ಮಾಡುತ್ತಿರುವವನು. ಹುಟ್ಟಿ ಬೆಳೆದದ್ದು ಕಲಬುರಗಿ. ತರಬೇತಿಯ ನಂತರ ಕೆಲವು ವರ್ಷ ಹೈದರಾಬಾದಿನಲ್ಲಿದ್ದು, ಈಗ ಇಲ್ಲಿಗೆ ಮರಳಿದ್ದೇನೆ. ಸೇಡಂನ ಸರ್ ಕೇಳಿದ ಹಣದ ಮಾತಿಗೆ ಆಮೇಲೆ ಬರುತ್ತೇನೆ. ಕೆಲಸವೇನೆಂದು ತಿಳಿಯದೆ ಅದರ ಬೆಲೆಯ ಮಾತಾಡಿ ಉಪಯೋಗವಿಲ್ಲ.

ಮೊದಲು ದಾರಿ. ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಎಂ.ಡಿ. ಮೂರು ವರ್ಷ, ಅದರ ಮೇಲೆ ಡಿ.ಎಂ. ಅಥವಾ ಅದಕ್ಕೆ ಸಮಾನವಾದ ಡಿಆರ್‌ಎನ್‌ಬಿ ಮತ್ತೆ ಮೂರು ವರ್ಷ. ಪ್ರವೇಶಕ್ಕೆ ನೀಟ್-ಎಸ್‌ಎಸ್ ಇದೆ, ಏಮ್ಸ್‌ನಂಥ ಸಂಸ್ಥೆಗಳಿಗೆ ಐಎನ್‌ಐ-ಎಸ್‌ಎಸ್ ಎಂಬ ಬೇರೆ ಪರೀಕ್ಷೆಯಿದೆ. ದೆಹಲಿಯ ಏಮ್ಸ್, ವೆಲ್ಲೂರಿನ ಸಿಎಂಸಿ ಮುಂತಾದ ಕಡೆ ಈ ಕೋರ್ಸ್ ಇದೆ, ಆದರೆ ಸೀಟುಗಳು ಹೃದ್ರೋಗ ವಿಭಾಗದಷ್ಟಿಲ್ಲ. ದೇಶದಲ್ಲಿ ಇದು ಹೊಸ ವಿಭಾಗ. ನಮ್ಮ ಗುರುಗಳ ತಲೆಮಾರಿನವರು ಎಚ್‌ಐವಿ ವಾರ್ಡ್‌ಗಳಲ್ಲಿ, ಕ್ಷಯದ ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡುತ್ತಲೇ ಇದನ್ನು ಕಲಿತವರು.

ದಿನದ ಕೆಲಸ ಹೀಗಿರುತ್ತದೆ. ಬೆಳಗ್ಗೆ ತೀವ್ರ ನಿಗಾ ಘಟಕ. ಅಲ್ಲಿ ನನ್ನ ಸ್ವಂತ ರೋಗಿಗಳು ಒಬ್ಬರೂ ಇರುವುದಿಲ್ಲ, ಎಲ್ಲರೂ ಬೇರೆ ವೈದ್ಯರ ರೋಗಿಗಳು. ಶಸ್ತ್ರಚಿಕಿತ್ಸೆಯಾಗಿ ಆರನೇ ದಿನ ಜ್ವರ ಬಂದವರು, ಮೂತ್ರದ ನಳಿಗೆಯಿಂದ ಸೋಂಕು ರಕ್ತಕ್ಕೆ ಏರಿದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು. ಕೇಸ್ ಶೀಟನ್ನು ಮೊದಲ ಪುಟದಿಂದ ಓದುತ್ತೇನೆ, ಔಷಧಗಳ ಹಾಳೆಯನ್ನು ದಿನವಾರು ನೋಡುತ್ತೇನೆ. ಯಾವ ದಿನ ಯಾವ ಔಷಧ ಏಕೆ ಆರಂಭವಾಯಿತು ಎಂಬುದಕ್ಕೆ ಆ ಹಾಳೆಯಲ್ಲಿ ಕಾರಣ ಸಿಗದಿದ್ದರೆ ಅದನ್ನು ಬರೆದ ವೈದ್ಯರಿಗೇ ಫೋನ್ ಮಾಡಿ ಕೇಳುತ್ತೇನೆ. ಆಮೇಲೆ ರೋಗಿಯ ಬಳಿ ಕೂರುತ್ತೇನೆ. ಎಲ್ಲಿ ದುಡಿಯುತ್ತೀರಿ, ಗುಳೆ ಹೋಗಿದ್ದಿರಾ, ಮುಂಬೈಯೋ ಪುಣೆಯೋ, ಯಾವ ನೀರು ಕುಡಿದಿರಿ, ಮನೆಯಲ್ಲಿ ದನಕರು ಇವೆಯೇ, ಮನೆಯಲ್ಲಿ ಇನ್ನಾರಿಗಾದರೂ ಕೆಮ್ಮು ಇದೆಯೇ? ಈ ಪ್ರಶ್ನೆಗಳಿಗೆ ಇಪ್ಪತ್ತು ನಿಮಿಷ ಬೇಕಾಗುತ್ತದೆ, ಮತ್ತು ನನ್ನ ರೋಗನಿರ್ಣಯಗಳಲ್ಲಿ ಹೆಚ್ಚಿನವು ಈ ಇಪ್ಪತ್ತು ನಿಮಿಷದಲ್ಲೇ ಸಿಕ್ಕಿವೆ. ಭೀಮಾತೀರ ಅವರೇ, ನೀವು ಉಡದಾರ ಸರಿಸಿ ನೋಡಿದ್ದು ಈ ವಿಭಾಗದ ಕೆಲಸವೇ. ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಉಡದಾರದ ಅಡಿ, ಈ ನಾಲ್ಕು ಜಾಗಗಳನ್ನು ನೋಡದೆ ಕಾರಣ ತಿಳಿಯದ ಜ್ವರ ಎಂದು ಬರೆಯಬಾರದೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಮಧ್ಯಾಹ್ನ ರೋಗಾಣುಗಳನ್ನು ಪತ್ತೆಹಚ್ಚುವ ಮೈಕ್ರೋಬಯಾಲಜಿ ಪ್ರಯೋಗಾಲಯ. ಸಂಜೆ ಹೊರರೋಗಿಗಳು: ಎಚ್‌ಐವಿ, ಬಿಟ್ಟುಬಿಟ್ಟು ಬರುವ ಜ್ವರ, ಮಧುಮೇಹದವರ ಕಾಲಿನ ಹುಣ್ಣು, ಗುಣವಾಗದ ಕ್ಷಯ. ಇವುಗಳ ನಡುವೆ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯ ಸಭೆ.

ಈ ಕೆಲಸ ಎಷ್ಟು ಮುಖ್ಯವೆಂಬುದನ್ನು ನಮ್ಮ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚ್ 10ರಂದು, ಸೌದಿ ಅರೇಬಿಯಾದಿಂದ ಮರಳಿದ್ದ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಮಾದರಿ ಬೆಂಗಳೂರಿಗೆ ಹೋಗಿ, ಅದು ಕೋವಿಡ್ ಎಂದು 12ರಂದು ಖಚಿತವಾಗುವಷ್ಟರಲ್ಲಿ ರೋಗಿಯೇ ಇರಲಿಲ್ಲ. ದೇಶದ ಮೊದಲ ಕೋವಿಡ್ ಸಾವು ಅದು. ಚಿಕಿತ್ಸೆ ನೀಡಿದ್ದ ವೈದ್ಯರೊಬ್ಬರಿಗೂ ಸೋಂಕು ತಗುಲಿತು. ಆ ವಾರ ನಮ್ಮ ಬೀದಿಗಳು ಹೇಗಿದ್ದವೆಂದು ಇಲ್ಲಿರುವ ಎಲ್ಲರಿಗೂ ನೆನಪಿದೆ. ಅದಕ್ಕೂ ಎರಡು ವರ್ಷ ಮೊದಲು, 2018ರ ಮೇ ತಿಂಗಳಲ್ಲಿ, ಕೋಯಿಕ್ಕೋಡಿನಲ್ಲಿ ಒಂದೇ ಮನೆಯವರು ಒಬ್ಬರ ಹಿಂದೊಬ್ಬರು ಕಾಯಿಲೆ ಬಿದ್ದಾಗ, ಇದು ಸಾಮಾನ್ಯ ಮೆದುಳು ಜ್ವರವಲ್ಲ ಎಂದು ಅಲ್ಲಿನ ವೈದ್ಯರು ಬೇಗನೆ ಅನುಮಾನಪಟ್ಟು ಮಾದರಿಯನ್ನು ಮಣಿಪಾಲಕ್ಕೆ ಕಳಿಸಿದ್ದರಿಂದ ನಿಪಾ ವೈರಸ್ ಕೆಲವೇ ದಿನಗಳಲ್ಲಿ ಪತ್ತೆಯಾಯಿತು. ಯಂತ್ರಗಳು ಬೆಂಗಳೂರಿನಲ್ಲಿ ಇದ್ದರೂ ನಡೆಯುತ್ತದೆ, ಅನುಮಾನ ಪಡುವವರು ಮಾತ್ರ ರೋಗಿಯ ಹತ್ತಿರವೇ ಇರಬೇಕು.

ಗವಾನ್ ಚೌಕ

ಬೀದರ್‌ನಲ್ಲಿ ಮೈಕ್ರೋಬಯಾಲಜಿ ವಿಭಾಗದಲ್ಲಿದ್ದೇನೆ. ಸೇಡಂನ ಡಾಕ್ಟರ್ ಸಾಹೇಬರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ವಿಡಾಲ್ ಬಗ್ಗೆ ಸುಮ್ಮನಿರಲಾರೆ. ಟೈಫಾಯ್ಡ್ ಸದಾ ಇರುವ ನಮ್ಮಂಥ ನಾಡಿನಲ್ಲಿ, ಹಿಂದೆಂದೋ ಆಗಿಹೋದ ಸೋಂಕಿನ ಪ್ರತಿಕಾಯಗಳು ಆರೋಗ್ಯವಂತರ ರಕ್ತದಲ್ಲೂ ಇರುತ್ತವೆ. ಬೇರೆ ಜ್ವರಗಳಲ್ಲೂ ಆ ಪರೀಕ್ಷೆ ಏರಬಹುದು. ಜ್ವರ ಬಂದ ಎರಡನೇ ದಿನ ಒಮ್ಮೆ ಮಾಡಿದ ವಿಡಾಲ್ ನೋಡಿ ಟೈಫಾಯ್ಡ್ ಎಂದು ಬರೆದರೆ, ಮಲೇರಿಯಾ, ಡೆಂಗಿ, ಸ್ಕ್ರಬ್ ಟೈಫಸ್ ಎಲ್ಲವೂ ಆ ಹೆಸರಿನ ಹಿಂದೆ ಅಡಗಿಬಿಡುತ್ತವೆ. ಭೀಮಾತೀರ ಅವರ ರೋಗಿಗೂ ಹೀಗೇ ಆಗಿರಬೇಕು.

ಕಲ್ಚರ್ ಬಗ್ಗೆ ಒಂದು ಮಾತು, ಏಕೆಂದರೆ ತಪ್ಪು ನಮ್ಮ ಕಡೆಯಿಂದಲೂ ಆಗುತ್ತದೆ. ವಯಸ್ಕರಲ್ಲಿ ಒಂದೊಂದು ಬಾಟಲಿಗೆ 8ರಿಂದ 10 ಮಿಲಿ ರಕ್ತ ಬೇಕು, ಎರಡು ಬೇರೆ ಬೇರೆ ಜಾಗದಿಂದ ತೆಗೆಯಬೇಕು, ಮತ್ತು ಆಂಟಿಬಯೋಟಿಕ್‌ನ ಮೊದಲ ಡೋಸಿಗೆ ಮುಂಚೆ ತೆಗೆಯಬೇಕು. ನಮಗೆ ಬರುವ ಬಾಟಲಿಗಳಲ್ಲಿ ಎಷ್ಟೋ ಸಲ ಎರಡು ಮಿಲಿ ಇರುತ್ತದೆ. ಟೈಫಾಯ್ಡ್‌ನಲ್ಲಿ ಒಂದು ಮಿಲಿ ರಕ್ತದಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಇದ್ದರೂ ಇದ್ದೀತು, ಇಲ್ಲದಿದ್ದರೂ ಇಲ್ಲ. ಎರಡು ಮಿಲಿ ಕಳಿಸಿ, ಏನೂ ಬೆಳೆಯಲಿಲ್ಲವೆಂದು ಪ್ರಯೋಗಾಲಯವನ್ನು ದೂರಿದರೆ ಹೇಗೆ? ಬಾಟಲಿಯ ರಬ್ಬರ್ ಮುಚ್ಚಳವನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಲು ಬಿಟ್ಟು, ಆಮೇಲೆ ಸೂಜಿ ಚುಚ್ಚಬೇಕು. ಇದನ್ನು ಒಬ್ಬ ಸೋಂಕು ತಜ್ಞರು ವಾರ್ಡಿನಲ್ಲಿ ನಿಂತು ಮಾಡಿ ತೋರಿಸಿದಾಗ ಆಗುವ ಬದಲಾವಣೆ ನಾವು ಕಳಿಸುವ ಸುತ್ತೋಲೆಗಳಿಂದ ಆಗುವುದಿಲ್ಲ. ನಮ್ಮ ಎರಡು ವಿಭಾಗಗಳು ಜೋಡೆತ್ತುಗಳಿದ್ದಂತೆ, ಒಂದು ನಿಂತರೆ ಇನ್ನೊಂದರಿಂದ ಹೊಲ ಸಾಗುವುದಿಲ್ಲ.

ಔರಾದ್ ರೈತನ ಮಗ

ನಾನು ಡಾಕ್ಟರ್ ಅಲ್ಲ, ಶಾಲಾ ಶಿಕ್ಷಕ. ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ, ಆದರೆ ತಂಗಿಯವರ ಪ್ರಶ್ನೆಗೆ ನಮ್ಮ ತಂದೆಯವರ ಕಾಯಿಲೆಯೇ ಉತ್ತರ ಎನ್ನಿಸಿತು.

ನಮ್ಮದು ಔರಾದ್ ತಾಲ್ಲೂಕು, ಮನೆಯಲ್ಲಿ ಮೂವತ್ತು ನಲವತ್ತು ಆಡು ಕುರಿಗಳಿವೆ. ತಂದೆಯವರಿಗೆ ಒಂದು ಬೇಸಿಗೆಯಲ್ಲಿ ಜ್ವರ ಶುರುವಾಯಿತು. ಸಂಜೆ ಮುಂದೆ ಬರುವುದು, ನಸುಕಿನಲ್ಲಿ ಹಾಸಿಗೆ ತೊಯ್ಯುವಷ್ಟು ಬೆವರು, ಮುಂಜಾನೆ ಆರಾಮ. ಒಂದು ವಾರ ಇದ್ದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ನಂತರ ಸೊಂಟನೋವು ಹಿಡಿದು ನಡೆಯಲಾಗದಂತಾಯಿತು. ಒಂದು ದೊಡ್ಡ ಆಸ್ಪತ್ರೆಯಲ್ಲಿ ಬೆನ್ನುಮೂಳೆಯ ಸ್ಕ್ಯಾನ್ ನೋಡಿ, ಇದು ಮೂಳೆಯ ಕ್ಷಯ ಎಂದು ಹೇಳಿ ಗುಳಿಗೆ ಆರಂಭಿಸಿದರು. ನಾಲ್ಕು ತಿಂಗಳು ನುಂಗಿದರು. ಮೊದಲು ಸ್ವಲ್ಪ ಗುಣ ಕಂಡಂತಾಗಿ ಮತ್ತೆ ಹಾಸಿಗೆ ಹಿಡಿದರು. ಎತ್ತುಗಳನ್ನು ಮಾರಿದೆವು.

ಕೊನೆಗೆ ಹೈದರಾಬಾದಿನಲ್ಲಿ ಒಬ್ಬ ಸೋಂಕು ತಜ್ಞರು ನೋಡಿದರು. ಅವರು ಸ್ಕ್ಯಾನ್ ಕವರ್ ಬಿಚ್ಚುವುದಕ್ಕೂ ಮೊದಲು ಕೇಳಿದ ಪ್ರಶ್ನೆಯನ್ನು ನಾನು ಮರೆಯಲಾರೆ. 'ನಿಮ್ಮ ಆಡುಗಳು ಹೋದ ವರ್ಷ ಕಂದು ಹಾಕಿದ್ದವೇ?' ಹೌದು, ಐದಾರು ಆಡುಗಳು ದಿನ ತುಂಬುವ ಮೊದಲೇ ಕಂದು ಹಾಕಿದ್ದವು, ಆ ಕಂದು ಮತ್ತು ಮಾಸನ್ನು ತಂದೆಯವರೇ ಬರಿಗೈಯಲ್ಲಿ ಎತ್ತಿ ಹೂಳಿದ್ದರು. ರಕ್ತ ಪರೀಕ್ಷೆಯಲ್ಲಿ ಬ್ರುಸೆಲ್ಲೋಸಿಸ್ ಎಂದು ಬಂತು, ಅದು ಜಾನುವಾರುಗಳಿಂದ ಜನರಿಗೆ ಹರಡುವ ಸೋಂಕು. ಬೇರೆ ಗುಳಿಗೆಗಳನ್ನು ಮೂರು ತಿಂಗಳು ಕೊಟ್ಟರು. ಈಗ ತಂದೆಯವರು ಕುರಿ ಕಾಯಲು ಹೋಗುತ್ತಾರೆ.

ಆ ಪ್ರಶ್ನೆಯನ್ನು ಬೀದರ್‌ನಲ್ಲೇ ಒಬ್ಬರು ಕೇಳಿದ್ದರೆ ನಮ್ಮ ಎತ್ತುಗಳು ಮನೆಯಲ್ಲೇ ಇರುತ್ತಿದ್ದವು. ಅಕ್ಕೋರೆ, ನೀವು ಬನ್ನಿ.

ನಂದಿನಗರ ಪಶುವೈದ್ಯ

ಶಿಕ್ಷಕರು ಬರೆದದ್ದು ನಮ್ಮ ವೃತ್ತಿಗೂ ಸೇರಿದ ಮಾತು. ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವ ಜಿಲ್ಲೆ ಬೀದರ್, ಆದರೂ ಜನರ ವೈದ್ಯರೂ ನಾವೂ ಒಂದೇ ರೋಗದ ಬಗ್ಗೆ ಮಾತನಾಡುವುದು ತೀರಾ ಕಡಿಮೆ. ಬ್ರುಸೆಲ್ಲೋಸಿಸ್ ತಡೆಯಲು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮ 2019ರಿಂದ ನಡೆಯುತ್ತಿದೆ. ಅದು ಆಕಳು ಎಮ್ಮೆಗಳಿಗೆ. ಆಡು ಕುರಿ ಸಾಕುವವರು ಮಾಡಬೇಕಾದದ್ದು ಇಷ್ಟು: ಕಂದು ಹಾಕಿದಾಗ ಕೈಗವಸಿಲ್ಲದೆ ಮುಟ್ಟಬಾರದು, ಆಳವಾಗಿ ಸುಣ್ಣ ಹಾಕಿ ಹೂಳಬೇಕು, ಹಾಲನ್ನು ಕಾಯಿಸಿಯೇ ಕುಡಿಯಬೇಕು. ಆ ಲಸಿಕೆಯಲ್ಲಿ ಜೀವಂತ ರೋಗಾಣು ಇರುವುದರಿಂದ, ಸೂಜಿ ತಮಗೇ ಚುಚ್ಚಿಕೊಂಡು ಕಾಯಿಲೆ ಬಿದ್ದ ಪಶುವೈದ್ಯರೂ ಇದ್ದಾರೆ. ಅಂಥವರು ಜ್ವರವೆಂದು ಹೋದಾಗ ತಮ್ಮ ವೃತ್ತಿ ಯಾವುದೆಂದು ಕೇಳುವ ಡಾಕ್ಟರ್ ಸಿಗಬೇಕು.

ಯಾದಗಿರಿ ಹಳಬ

ನಾನು ನಿವೃತ್ತ ಆರೋಗ್ಯ ನಿರೀಕ್ಷಕ. ಅವ್ವಾ ಭೀಮಾತೀರ, ನೀನು ನಮ್ಮ ಜಿಲ್ಲೆಯ ಮಗಳು, ಆದ್ದರಿಂದ ಏಕವಚನದಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ.

ನಾನು ನೌಕರಿಗೆ ಸೇರಿದ ಕಾಲದಲ್ಲಿ ನಾರು ಹುಣ್ಣು ಇನ್ನೂ ಇತ್ತು. ಮೆಟ್ಟಿಲು ಬಾವಿಗೆ ಇಳಿದು, ಕಾಲನ್ನು ನೀರಿಗಿಟ್ಟು ಕೊಡ ತುಂಬುವಾಗ, ಹುಣ್ಣಿನೊಳಗಿನ ಹುಳು ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಆ ನೀರನ್ನು ಕುಡಿದವರ ಕಾಲಿನಲ್ಲಿ ವರ್ಷದ ನಂತರ ಗೇಣುಗಟ್ಟಲೆ ಉದ್ದದ ಹುಳು ಹೊರಗೆ ಬರುತ್ತಿತ್ತು. ಅದಕ್ಕೆ ಔಷಧವೂ ಇಲ್ಲ, ಲಸಿಕೆಯೂ ಇಲ್ಲ. ಬಟ್ಟೆಯಲ್ಲಿ ನೀರು ಸೋಸುವುದು, ಮೆಟ್ಟಿಲು ಮುಚ್ಚಿ ಕೈಪಂಪು ಹಾಕುವುದು, ಬಾವಿಗೆ ಔಷಧ ಹಾಕುವುದು, ಇಷ್ಟರಿಂದಲೇ ಅದನ್ನು ದೇಶದಿಂದ ಓಡಿಸಿದೆವು. 1996ರಲ್ಲಿ ಕೊನೆಯ ರೋಗಿ ರಾಜಸ್ಥಾನದಲ್ಲಿ ಕಂಡರು, 2000ದಲ್ಲಿ ಭಾರತ ನಾರು ಹುಣ್ಣು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು.

ಆನೆಕಾಲು ರೋಗ ಹಾಗೆ ಹೋಗಲಿಲ್ಲ. ಅದರ ಮರಿಹುಳುಗಳು ಹಗಲಿನಲ್ಲಿ ದೇಹದ ಒಳಗೆ ಅಡಗಿದ್ದು, ರಾತ್ರಿ ಮಾತ್ರ ಹೊರಮೈಯ ರಕ್ತಕ್ಕೆ ಬರುತ್ತವೆ. ಹೀಗಾಗಿ ನಾವು ರಾತ್ರಿ ಎಂಟೂವರೆಯ ನಂತರ ಹೊರಟು ನಡುರಾತ್ರಿಯವರೆಗೆ ಮನೆ ಮನೆ ತಿರುಗುತ್ತಿದ್ದೆವು. ಕಟ್ಟೆಯ ಮೇಲೆ ಮಲಗಿದವರನ್ನು ಎಬ್ಬಿಸಿ, ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತದ ದಪ್ಪ ಲೇಪ ಮಾಡಬೇಕು. ಒಬ್ಬರು ಟಾರ್ಚ್ ಹಿಡಿಯಬೇಕು, ಒಬ್ಬರು ಹೆಸರು ಬರೆಯಬೇಕು, ಇರುವೆಗಳು ಪಟ್ಟಿಯ ರಕ್ತವನ್ನು ತಿನ್ನದಂತೆ ನೋಡಿಕೊಳ್ಳಬೇಕು. ಹಗಲು ಹೊಲದಲ್ಲಿ ದುಡಿದು ಮಲಗಿದವರು ಬೈಯುತ್ತಿದ್ದರು, ಬೈದ ಮೇಲೆ ಬೆರಳನ್ನೂ ಕೊಡುತ್ತಿದ್ದರು. ಮುಂದೆ ಐವರ್‌ಮೆಕ್ಟಿನ್ ಸೇರಿಸಿದ ಮೂರು ಔಷಧಗಳ ಚಿಕಿತ್ಸೆಯನ್ನು ದೇಶದಲ್ಲಿ ಮೊದಮೊದಲು ಕೊಟ್ಟ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಒಂದು. ಗುಳಿಗೆಯನ್ನು ಕೈಗೆ ಕೊಟ್ಟು ಬಂದರೆ ಅದು ಗೂಡಿನಲ್ಲೇ ಉಳಿಯುತ್ತದೆ, ನಮ್ಮ ಕಣ್ಣೆದುರಿಗೆ ನುಂಗಿಸಬೇಕು. ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆಸುತ್ತು ಬರುತ್ತದೆ, ಅದು ಒಳಗಿನ ಹುಳು ಸಾಯುವ ಗುರುತು. ಇದನ್ನು ಮೊದಲೇ ತಿಳಿಸಿ ಹೇಳದಿದ್ದರೆ ಮರುವರ್ಷ ಆ ಓಣಿಯಲ್ಲಿ ಯಾರೂ ಬಾಗಿಲು ತೆರೆಯುವುದಿಲ್ಲ.

ಒಮ್ಮೆ ಕಾಲು ಬಾತು ದಪ್ಪವಾದ ಮೇಲೆ ಗುಳಿಗೆಯಿಂದ ಅದು ತೆಳ್ಳಗಾಗುವುದಿಲ್ಲ. ಆ ಕಾಲನ್ನು ದಿನಾಲೂ ಸೋಪು ಹಚ್ಚಿ ತೊಳೆದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿಕೊಂಡರೆ ಪದೇ ಪದೇ ಬರುವ ಜ್ವರ ಮತ್ತು ಉರಿ ಕಡಿಮೆಯಾಗುತ್ತದೆ. ನಾನು ಕಂಡ ಒಬ್ಬ ಮುದುಕಿ ಮೂವತ್ತು ವರ್ಷ ಆ ಕಾಲನ್ನು ಸೀರೆಯ ಅಂಚಿನಲ್ಲಿ ಮುಚ್ಚಿಕೊಂಡೇ ಇದ್ದಳು, ಯಾವ ಡಾಕ್ಟರ್ ಮುಂದೆಯೂ ತೆರೆದು ತೋರಿಸಿರಲಿಲ್ಲ. ಅವಳ ಕಾಲನ್ನು ಬೋಗುಣಿಯಲ್ಲಿಟ್ಟು ತೊಳೆದು ತೋರಿಸಿದ್ದು ನಮ್ಮ ಆಶಾ ಕಾರ್ಯಕರ್ತೆ. ಅವ್ವಾ, ನೀನು ದೊಡ್ಡ ಓದು ಓದಿ ಬಾ, ಆದರೆ ಹವಾ ನಿಯಂತ್ರಿತ ಕೋಣೆಯಲ್ಲಿ ಕುಳಿತು ಈ ರೋಗಗಳನ್ನು ತಿಳಿಯಲು ಆಗುವುದಿಲ್ಲ.

ರಾತ್ರಿಪಾಳಿ

ನಾನು ಸೋಂಕು ನಿಯಂತ್ರಣ ಶುಶ್ರೂಷಕಿ. ಒಂದೇ ಮಾತು ಸೇರಿಸುತ್ತೇನೆ. ನಾವು ನರ್ಸ್‌ಗಳು ಒಬ್ಬ ಹಿರಿಯ ಸರ್ಜನ್‌ಗೆ 'ಸರ್, ಕೈ ತೊಳೆಯಿರಿ' ಎಂದು ಹೇಳುವುದು ಸುಲಭವಲ್ಲ. 1847ರಲ್ಲಿ ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಇದನ್ನೇ ಹೇಳಿ, ಬಾಣಂತಿಯರ ಸಾವು ಇಳಿದದ್ದನ್ನು ಲೆಕ್ಕ ಸಮೇತ ತೋರಿಸಿದರೂ ಸಹೋದ್ಯೋಗಿಗಳು ಒಪ್ಪಲಿಲ್ಲ. ಸೋಂಕು ತಜ್ಞರು ಇರುವ ಆಸ್ಪತ್ರೆಯಲ್ಲಿ ನಾನು ಕೆಲಸ ಮಾಡಿದ್ದೇನೆ, ಇಲ್ಲದ ಕಡೆಯೂ ಮಾಡಿದ್ದೇನೆ. ಇರುವ ಕಡೆ, ಬೆಳಗಿನ ರೌಂಡ್ಸ್‌ನಲ್ಲಿ 'ಈ ಮೂತ್ರದ ನಳಿಗೆ ಇವತ್ತೂ ಬೇಕೇ?' ಎಂದು ಅವರು ಕೇಳುತ್ತಾರೆ, ಬೇಡವಾದರೆ ಅಂದೇ ತೆಗೆಯುತ್ತೇವೆ. ಇಲ್ಲದ ಕಡೆ ಆ ನಳಿಗೆ ರೋಗಿ ಮನೆಗೆ ಹೋಗುವವರೆಗೂ ಉಳಿದುಬಿಡುತ್ತದೆ.

ಭೀಮಾತೀರ

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆದದ್ದಕ್ಕೆ ಹೇಗೆ ಕೃತಜ್ಞತೆ ಹೇಳಲಿ? ಯಾದಗಿರಿಯ ಕಾಕಾ, ನೀವು ನನ್ನನ್ನು ಏಕವಚನದಲ್ಲಿ ಕರೆದದ್ದೇ ಸರಿ. ನನ್ನ ಅಜ್ಜಿಯ ಎಡಗಾಲು ಹಾಗೇ ಇತ್ತು. ಅವಳು ಅದನ್ನು ಮುಚ್ಚಿಕೊಳ್ಳುತ್ತಿದ್ದದ್ದು ನನಗೆ ನೆನಪಿದೆ, ಏಕೆಂದು ಯಾರೂ ಹೇಳಿರಲಿಲ್ಲ.

ಎರಡು ಪ್ರಶ್ನೆಗಳು ಉಳಿದಿವೆ. ಒಂದು, ಜೇವರ್ಗಿ ರಸ್ತೆಯ ಸರ್ ಹಣದ ಮಾತಿಗೆ ಬರುತ್ತೇನೆ ಎಂದಿದ್ದರು. ಎರಡು, ಗುಳೆಯ ಸಮಸ್ಯೆ. ನಮ್ಮ ವಾರ್ಡಿನಲ್ಲಿ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಆರಂಭಿಸಿದವರಲ್ಲಿ ಕೆಲವರು ಎರಡನೇ ತಿಂಗಳಿಗೆ ಕೆಮ್ಮು ನಿಂತ ಕೂಡಲೇ ದುಡಿಯಲು ಹೊರಟುಹೋಗುತ್ತಾರೆ. ಮರಳಿ ಬರುವಾಗ ಔಷಧಕ್ಕೆ ಬಗ್ಗದ ಕ್ಷಯದೊಂದಿಗೆ ಬರುತ್ತಾರೆ. ಇಲ್ಲಿ ತಜ್ಞರು ಮಾಡುವುದೇನು?

ಹಳೆ ಜೇವರ್ಗಿ ರಸ್ತೆ

ಹಣದ ಮಾತು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನನ್ನ ಜೊತೆ ಎಂ.ಡಿ. ಮಾಡಿ ಹೃದ್ರೋಗಕ್ಕೆ ಹೋದವರು ನನಗಿಂತ ಬಹಳ ಹೆಚ್ಚು ಗಳಿಸುತ್ತಾರೆ. ಈ ಅಂತರ ಮುಂದೆಯೂ ಹೋಗಲಾರದು. ಕಲಬುರಗಿಯಲ್ಲಿ ಒಂದೇ ಆಸ್ಪತ್ರೆಯನ್ನು ನಂಬಿ ನಾನು ಬದುಕುತ್ತಿಲ್ಲ. ಎರಡು ಆಸ್ಪತ್ರೆಗಳು ತಿಂಗಳಿಗೆ ಇಂತಿಷ್ಟು ಎಂದು ಕೊಡುತ್ತವೆ, ಇನ್ನುಳಿದ ಕಡೆ ಕರೆದಾಗ ಹೋಗಿ ನೋಡುವ ಶುಲ್ಕ, ಸಂಜೆ ಸ್ವಂತ ಹೊರರೋಗಿ ವಿಭಾಗ. ಒಂದು ಆಸ್ಪತ್ರೆಯ ಆಡಳಿತದವರನ್ನು ಒಪ್ಪಿಸಲು ನನಗೆ ಒಂದು ವರ್ಷ ಬೇಕಾಯಿತು. ಅಲ್ಲಿ ಮೂರು ತಿಂಗಳು, ಕಲ್ಚರ್ ವರದಿ ಬಂದ ಮೇಲೂ ಮುಂದುವರಿದ ದುಬಾರಿ ಆಂಟಿಬಯೋಟಿಕ್‌ಗಳ ಬಿಲ್ಲನ್ನು ನಾನೇ ಕುಳಿತು ಕೂಡಿಸಿ ಅವರ ಮುಂದಿಟ್ಟೆ. ಮನೆ ಕಟ್ಟಿದ್ದೇನೆ, ಮಕ್ಕಳು ಓದುತ್ತಿದ್ದಾರೆ, ಕೊರತೆಯಿಲ್ಲ. ನಿಮ್ಮ ತಂದೆಯವರಿಗೆ ಈ ಮಾತನ್ನು ಹೀಗೆಯೇ ಹೇಳಿ.

ಇನ್ನೊಂದು ಕಷ್ಟ ಇದಕ್ಕಿಂತ ದೊಡ್ಡದು. ಔಷಧ ನಿಲ್ಲಿಸಿ ಎಂದು ಬರೆದ ಮೇಲೆ ರೋಗಿಗೆ ಏನಾದರೂ ಆದರೆ ಹೊಣೆ ನನ್ನದು, ನಿಲ್ಲಿಸಿದ್ದರಿಂದ ಚೆನ್ನಾಗಿಯೇ ಇದ್ದರೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಆದರೂ ನಿಲ್ಲಿಸಲೇಬೇಕು. ಮೆರೊಪೆನೆಮ್‌ನಂಥ ಪ್ರಬಲ ಆಂಟಿಬಯೋಟಿಕ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಇಂದು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲೂ ಕಾಣುತ್ತಿದೆ. ಅದರ ನಂತರ ಕೈಯಲ್ಲಿ ಉಳಿಯುವುದು ಮೂತ್ರಪಿಂಡವನ್ನು ಘಾಸಿಗೊಳಿಸುವ ಕೊಲಿಸ್ಟಿನ್‌ನಂಥ ಕೆಲವೇ ಔಷಧಗಳು. ಆ ಕೊಲಿಸ್ಟಿನ್ನನ್ನು ಕೋಳಿ ಮತ್ತು ಪಶುಗಳ ಆಹಾರದಲ್ಲಿ ಬಳಸುವುದನ್ನು ನಮ್ಮ ಸರ್ಕಾರ ನಿಷೇಧಿಸಿದ್ದೇ 2019ರಲ್ಲಿ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರು 1945ರ ನೊಬೆಲ್ ಭಾಷಣದಲ್ಲೇ ಅರೆಬರೆ ಪ್ರಮಾಣದ ಔಷಧದಿಂದ ರೋಗಾಣುಗಳು ಬಲಿಯುತ್ತವೆ ಎಂದು ಎಚ್ಚರಿಸಿದ್ದರು.

ಗುಳೆಯ ವಿಷಯದಲ್ಲಿ ನಾನು ಮಾಡುವುದು ತೀರಾ ಸರಳ. ಮೊದಲ ದಿನವೇ 'ದಸರೆಯ ನಂತರ ಎಲ್ಲಿಗೆ ಹೋಗುತ್ತೀರಿ?' ಎಂದು ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಹೋಗಬೇಡಿ ಎಂದು ಹೇಳುವುದಿಲ್ಲ, ಏಕೆಂದರೆ ಸಾಲ ತೀರಿಸಲು ಅವರು ಹೋಗಲೇಬೇಕು. ಕ್ಷಯ ರೋಗಿಗಳ ಸರ್ಕಾರಿ ದಾಖಲೆ ವ್ಯವಸ್ಥೆಯಾದ ನಿಕ್ಷಯ್‌ನಲ್ಲಿ ಹೆಸರಿರುವ ರೋಗಿಯನ್ನು ಪುಣೆಯ ಕೇಂದ್ರಕ್ಕೆ ವರ್ಗಾಯಿಸಬಹುದು, ಅಲ್ಲಿ ಔಷಧ ಉಚಿತವಾಗಿಯೇ ಸಿಗುತ್ತದೆ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಇದ್ದ ಸಹಾಯಧನ 2024ರ ನವೆಂಬರ್‌ನಿಂದ 1,000 ರೂಪಾಯಿಯಾಗಿದೆ. ಅದು ಯಾವ ಊರಲ್ಲಿದ್ದರೂ ಖಾತೆಗೇ ಬರುತ್ತದೆಂದು ಹೇಳಿದಾಗ ರೋಗಿಯ ಮುಖ ಬದಲಾಗುವುದನ್ನು ಕಂಡಿದ್ದೇನೆ. ಚಿಕಿತ್ಸಾ ಮೇಲ್ವಿಚಾರಕರ ಫೋನ್ ನಂಬರನ್ನು ಗುಳಿಗೆಯ ಡಬ್ಬಿಯ ಮೇಲೆ ನಾನೇ ಬರೆದು ಕೊಡುತ್ತೇನೆ.

ತೊಗರಿನಾಡು

ಎಲ್ಲವನ್ನೂ ಓದಿದೆ. ವಿಡಾಲ್ ವಿಷಯದಲ್ಲಿ ಬೀದರ್‌ನ ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಬಸ್ಸಿನ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ, ಸೇಡಂನ ರೋಗಿಗೆ ಮೂರು ದಿನ ಕಾಯಲು ಆಗುವುದಿಲ್ಲ. ಆದರೆ ಈ ವಾರ ಒಂದು ಬದಲಾವಣೆ ಮಾಡಿದ್ದೇನೆ. ಐದು ದಿನ ದಾಟಿದ ಜ್ವರ ಇದ್ದವರ ಅಂಗಿ ಬಿಚ್ಚಿಸಿ, ಉಡದಾರ ಸರಿಸಿ ನೋಡುತ್ತಿದ್ದೇನೆ. ಕಂಪೌಂಡರ್ ಬೇರೆ ಒಂದು ಪರದೆ ಕಟ್ಟಿ ಕೊಟ್ಟಿದ್ದಾನೆ. ಇನ್ನೂ ಯಾರಲ್ಲೂ ಹೆಕ್ಕಳೆ ಸಿಕ್ಕಿಲ್ಲ, ನೋಡುವುದನ್ನಂತೂ ಬಿಡುವುದಿಲ್ಲ. ಜೇವರ್ಗಿ ರಸ್ತೆಯ ಸರ್, ನನ್ನಂಥವರು ಸಂಜೆ ಹೊತ್ತು ಫೋನ್ ಮಾಡಿ ಕೇಳಲು ತಾವು ಒಂದು ಗಂಟೆ ಬಿಡುವು ಇಟ್ಟರೆ, ಆಳಂದ, ಚಿಂಚೋಳಿ, ಚಿತ್ತಾಪುರದ ಗೆಳೆಯರನ್ನು ನಾನು ಸೇರಿಸುತ್ತೇನೆ.

ಹಳೆ ಜೇವರ್ಗಿ ರಸ್ತೆ

ಆಗಲಿ ಸರ್. ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ, ಭಾನುವಾರ ಬಿಟ್ಟು.

ಭೀಮಾತೀರ

ಮೊನ್ನೆ ಊರಿಗೆ ಹೋಗಿದ್ದೆ. ಅಪ್ಪನಿಗೆ ಈ ಚರ್ಚೆಯನ್ನು ಪೂರ್ತಿ ಓದಿ ಹೇಳಿದೆ. ಔರಾದಿನ ಶಿಕ್ಷಕರ ಎತ್ತುಗಳ ಮಾತು ಬಂದಾಗ ಅವರು ನಡುವೆ ನಿಲ್ಲಿಸಿ, 'ಎಷ್ಟ್ ಎತ್ತು ಮಾರ್ಯಾರ?' ಎಂದು ಕೇಳಿದರು. ಅದು ಬರೆದಿಲ್ಲ ಎಂದೆ. ಬಹಳ ಹೊತ್ತು ಸುಮ್ಮನಿದ್ದು, ಫಾರ್ಮ್ ತುಂಬಲು ಎಷ್ಟು ಹಣ ಬೇಕೆಂದು ಕೇಳಿದರು. ನೀಟ್-ಎಸ್‌ಎಸ್‌ನಲ್ಲಿ ನನ್ನ ಮೊದಲ ಆಯ್ಕೆ ಸೋಂಕು ರೋಗಗಳೇ ಆಗಿರುತ್ತದೆ. ಸರ್, ಪರೀಕ್ಷೆಗೆ ಮೊದಲು ಒಂದು ತಿಂಗಳು ರಜೆಯ ದಿನಗಳಲ್ಲಿ ತಮ್ಮ ರೌಂಡ್ಸ್‌ಗೆ ಬರಲು ಅಪ್ಪಣೆ ಸಿಗಬಹುದೇ?

ಹಳೆ ಜೇವರ್ಗಿ ರಸ್ತೆ

ಈ ಭಾನುವಾರವೇ ಬನ್ನಿ, ಬೆಳಗ್ಗೆ ಎಂಟಕ್ಕೆ. ನಿಮ್ಮ ವಾರ್ಡಿನಲ್ಲಿ ಜ್ವರಕ್ಕೆ ಕಾರಣ ಸಿಗದೆ ಡಿಸ್ಚಾರ್ಜ್ ಆದ ರೋಗಿಗಳ ಬಗ್ಗೆ, ಹೆಸರು ಬಿಟ್ಟು, ಟಿಪ್ಪಣಿ ಮಾಡಿಕೊಂಡು ತನ್ನಿ. ಮೊದಲು ಅವುಗಳನ್ನು ನೋಡೋಣ.